ಗೇಟಿಗೆ ಕಟ್ಟಿದ ಕೆಂಪು ಬಾವುಟ

ಸೂಜಿ ನನ್ನ ಹೆಂಡತಿಯ ಕೈಯ ನರದಿಂದ ಜಾರಿ ಮದ್ದು ಹೊರಗೆ ಸೋರಬಹುದಿತ್ತು. ಸೋರಿದರೆ ಅಲ್ಲಿಯ ಚರ್ಮ ಸುಟ್ಟುಹೋಗುತ್ತದೆ ಎಂದು ನರ್ಸಮ್ಮ ಹೇಳಿದ್ದಳು, ಹೇಳದಿದ್ದರೆ ಚೆನ್ನಾಗಿತ್ತು. ಬಿಳಿ ರಕ್ತಕಣ ಕುಸಿಯಬಹುದಿತ್ತು. ಕುಸಿಯದಿದ್ದರೆ, ಇಷ್ಟು ಮದ್ದು ಹೋದರೂ ಯಾಕೆ ಕುಸಿಯಲಿಲ್ಲ, ಮದ್ದೇ ಸತ್ವ ಕಳೆದುಕೊಂಡಿದೆಯೇನೋ ಎಂದು ಇನ್ನೊಂದು ಚಿಂತೆ. ಹೈದರಾಬಾದಿನ ಗಾಡಿ ತಾಂಡೂರಿನಲ್ಲಿ ಕ್ರಾಸಿಂಗಿಗೆಂದು ನಿಂತದ್ದು ನಿಂತೇಬಿಟ್ಟು, ನಾವು ತಲುಪುವಷ್ಟರಲ್ಲಿ ಡಾಕ್ಟರು ಎದ್ದುಹೋಗಿರಬಹುದಿತ್ತು. ಕುದಿಸಿ ಆರಿಸಿದ ನೀರಿನ ತಂಬಿಗೆ ಉರುಳಿ, ಬಾಯಾರಿಕೆ ತಡೆಯದೆ ಅವಳು ಸೇಡಂ ಸ್ಟೇಷನ್ನಿನ ನಲ್ಲಿ ನೀರು ಕುಡಿದುಬಿಡಬಹುದಿತ್ತು. ಕೂದಲು ಉದುರಬಹುದಿತ್ತು, ಉದುರಿದ್ದನ್ನು ಕಂಡು ಅವಳಿಗಿಂತ ಮೊದಲು ನಾನೇ ಅತ್ತು ಮರ್ಯಾದೆ ಕಳೆದುಕೊಳ್ಳಬಹುದಿತ್ತು. ದೇವರು ನಮ್ಮ ಪ್ರಾರ್ಥನೆ ಕೇಳದೆ ಇರಬಹುದಿತ್ತು. ಕೇಳಿಯೂ ಬೇರೆ ತೀರ್ಮಾನ ಮಾಡಬಹುದಿತ್ತು. ನನಗೆ ಹೆಚ್ಚಿನ ಹೆದರಿಕೆ ಇದರದ್ದೇ ಆಗಿತ್ತು.

ಇವುಗಳಲ್ಲಿ ಕೆಲವು ಆಗಲಿಲ್ಲ, ಕೆಲವು ಆಗಿ ಸರಿಹೋದವು. ನಮ್ಮ ರೈಲ್ವೆ ಕೆಲಸದ ಪದ್ಧತಿಯಲ್ಲಿ ರಿಪೇರಿಯಾಗಿ ಮತ್ತೆ ಓಡಿದ ಡಬ್ಬಿಯನ್ನು ಕೆಟ್ಟದ್ದೆನ್ನುವುದಿಲ್ಲ. ಕೆಟ್ಟು ಕೆಟ್ಟೇ ಉಳಿದದ್ದು ಒಂದೇ ಒಂದು, ಮತ್ತು ಅದು ನನ್ನ ಇಷ್ಟುದ್ದದ ಹೆದರಿಕೆಯ ಸಾಲಿನಲ್ಲಿ ಎಲ್ಲಿಯೂ ಇರಲಿಲ್ಲ.

ವಾಡಿ ಜಂಕ್ಷನ್ನಿನಲ್ಲಿ ನನ್ನದು ಗಾಡಿ ತಪಾಸಣೆಯ ಕೆಲಸ. ಗಾಡಿ ನಿಂತ ಕೂಡಲೇ ಉದ್ದ ಹಿಡಿಕೆಯ ಸುತ್ತಿಗೆಯಿಂದ ಗಾಲಿಗಳನ್ನು ಬಡಿಯುತ್ತ ಹೋಗುವವನೊಬ್ಬನನ್ನು ನೀವು ಕಿಟಕಿಯಿಂದ ಕಂಡಿರುತ್ತೀರಿ, ಇವನಿಗೇನು ಬೇರೆ ಕೆಲಸವಿಲ್ಲವೇ ಎಂದುಕೊಂಡೂ ಇರುತ್ತೀರಿ. ಅವನೇ ನಾನು. ಗಾಲಿ ಟಣ್ ಎಂದರೆ ಸರಿ, ದೊಪ್ ಎಂದರೆ ಎಲ್ಲೋ ಸೀಳಿದೆ. ಆಮೇಲೆ ಗಾಲಿಯ ಅಚ್ಚಿನ ತುದಿಯಲ್ಲಿರುವ ಪೆಟ್ಟಿಗೆಗೆ ಕೈಯ ಹಿಂಬದಿ ಮುಟ್ಟಿಸಿ ಬಿಸಿ ನೋಡಬೇಕು. ಅಂಗೈ ಮುಟ್ಟಿಸಬಾರದು; ಅದು ದುಡಿದು ದಪ್ಪಗಟ್ಟಿರುತ್ತದೆ, ಸರಿಯಾಗಿ ಹೇಳುವುದಿಲ್ಲ. ಪೆಟ್ಟಿಗೆಗೆ ಬಿಸಿ ಹತ್ತಿದ್ದರೆ ಆ ಡಬ್ಬಿಯನ್ನು ಗಾಡಿಯಿಂದ ಬಿಡಿಸಿ ರಿಪೇರಿ ಲೈನಿಗೆ ತಳ್ಳಿಸುತ್ತೇವೆ. ಅಲ್ಲಿ ಡಬ್ಬಿಯ ಕೆಳಗೆ ಮಂದಿ ಹೊಕ್ಕು ಕೆಲಸ ಮಾಡುವಾಗ ಲೈನಿನ ಎರಡೂ ತುದಿಗೆ ಕೆಂಪು ಬಾವುಟ ಕಟ್ಟುತ್ತೇವೆ. ಬಾವುಟ ದಾಟಿ ಎಂಜಿನ್ ಒಳಗೆ ಬರುವಂತಿಲ್ಲ. ಕಟ್ಟಿದವನೇ ಅದನ್ನು ಬಿಚ್ಚಬೇಕು, ಅವನ ಮೇಲಿನವರ ಮೇಲಿನವನು ಬಂದರೂ ಮುಟ್ಟುವಂತಿಲ್ಲ. ಒಟ್ಟಿನಲ್ಲಿ ಚಿಂತೆ ಮಾಡುವುದಕ್ಕೇ ಸಂಬಳ ಕೊಡುವ ನೌಕರಿ ಇದು. ನಾನಂತೂ ಅದನ್ನು ಪುಕ್ಕಟೆಯಾಗಿಯೂ ಮಾಡುತ್ತಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನನ್ನ ಹೆಂಡತಿಯ ಎದೆಯಲ್ಲಿ ಗಂಟು ಕಂಡಿತು. ಹೈದರಾಬಾದಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗಾಯ ಮಾಯ್ದ ಮೇಲೆ ಡಾಕ್ಟರು ಕಿಮೋ ಎಂದರು. ತಿಂಗಳಿಗೆ ಎರಡು ಸಲದಂತೆ ಹಲವು ತಿಂಗಳು ಇಂಜೆಕ್ಷನ್ ಆಗಬೇಕು, ನಡುವೆ ಗುಳಿಗೆ. ಪೂರಾ ಮಾಡಿದರೆ ಭರವಸೆ ಇದೆ, ಅರ್ಧಕ್ಕೆ ಬಿಟ್ಟರೆ ಹೇಳಲಾರೆ, ಎಂದರು. ಅಲ್ಲಿಂದ ಮುಂದೆ ನನ್ನ ಬದುಕೆಲ್ಲ ಆ ‘ಪೂರಾ’ ಎಂಬ ಒಂದು ಮಾತಿಗೆ ಜೋಡಿಸಿದ ಡಬ್ಬಿಯಾಯಿತು.

ಮಕ್ಕಳನ್ನು ಶಹಾಬಾದಿನಲ್ಲಿದ್ದ ಅವಳ ಅಣ್ಣನ ಮನೆಗೆ ಕಳಿಸಿದೆವು. ಅವಳ ಅಕ್ಕ ಚಿತ್ತಾಪುರದಿಂದ ಬಂದು ಅಡುಗೆಮನೆ ಹಿಡಿದಳು. ಹೈದರಾಬಾದಿಗೆ ಹೊರಡುವ ದಿನ ನಮ್ಮ ರಿಪೇರಿ ಲೈನಿನ ಫಿಟ್ಟರ್ ಚಾಚಾ ಮೊದಲೇ ಗಾಡಿಯೇರಿ, ಕಿಟಕಿ ಪಕ್ಕದ ಮೂಲೆಯನ್ನು ತನ್ನ ದಪ್ಪ ದೇಹದಿಂದ ಹಿಡಿದು ಕೂತಿರುತ್ತಿದ್ದ. ನಾವು ಬಂದ ಮೇಲೆ ಎದ್ದು, ಸೀಟನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರಸಿ, "ಕುಂದ್ರು ಬೇಟಿ. ಈ ಡಬ್ಬಿ ನಾನ ನೋಡೀನಿ, ನಿನ್ನ ಗಂಡ ನೋಡಿದ್ದಲ್ಲ. ಫಿಕರ್ ಇಲ್ಲ" ಎನ್ನುತ್ತಿದ್ದ. ತನ್ನ ಮನೆಯಲ್ಲಿ ಪ್ರತಿ ನಮಾಜಿಗೂ ಇವಳಿಗಾಗಿ ದುವಾ ನಡೆದಿದೆ ಎಂದು ಅವನು ಹೇಳಿದ್ದು ಎಷ್ಟೋ ದಿನಗಳ ಮೇಲೆ, ಅದೂ ಬಾಯಿತಪ್ಪಿ.

ಆಸ್ಪತ್ರೆಯಲ್ಲಿ ಮೊದಲು ಪರೀಕ್ಷೆಗೆ ರಕ್ತ ಕೊಡಬೇಕು. ಬಿಳಿ ಕಣ ಸಾಕಷ್ಟಿದ್ದರೆ ಇಂಜೆಕ್ಷನ್, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲದೆ ವಾಪಸು. ಆ ರಿಪೋರ್ಟಿಗೆ ಕಾಯುವಾಗ ನಾನು ಗೋಡೆಯ ಮೇಲಿನ ಬಣ್ಣದ ಬಿರುಕುಗಳನ್ನೆಲ್ಲ ತಪಾಸಣೆ ಮಾಡಿ ಮುಗಿಸುತ್ತಿದ್ದೆ. ನರ್ಸಮ್ಮ ಬಿಸಿನೀರಲ್ಲಿ ಹಿಂಡಿದ ಟವೆಲ್ಲನ್ನು ಅವಳ ಮುಂಗೈಗೆ ಸುತ್ತಿ ನರ ಏಳಿಸುತ್ತಿದ್ದಳು. ಸೂಜಿ ಸೇರಿಸಿ ಮೊದಲು ಬರೀ ಸಲೈನ್ ಬಿಟ್ಟು, "ಉರಿತಾ ಇದೆಯಾ?" ಎಂದು ಕೇಳಿ, ಇಲ್ಲವೆಂದ ಮೇಲೆಯೇ ಮದ್ದು. ಒಂದು ನೀರಿನಂಥದು, ಒಂದು ಹಳದಿ. ನಾನು ಸೂಜಿಯ ಸುತ್ತ ಬಾವು ಬಂತೇ ಎಂದು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಒಮ್ಮೆ ತಡೆಯದೆ ಅಲ್ಲಿ ಕೈಯ ಹಿಂಬದಿ ಮುಟ್ಟಿಸಿಯೇಬಿಟ್ಟೆ.

"ಏನ್ರಿ ಇದು?" ಎಂದಳು ಇವಳು. "ನಾ ಏನ್ ಮಾಲಗಾಡಿ ಡಬ್ಬಿ ಏನು? ಸುತ್ತಿಗಿನೂ ತಂದೀರೇನು ನೋಡ್ರಿ ಚೀಲದಾಗ."

ವಾಪಸು ಬರುವಾಗ ತಾಂಡೂರಿನವರೆಗೆ ಸುಮ್ಮನಿರುತ್ತಿದ್ದಳು. ಸೇಡಂ ದಾಟಿ ಮಳಖೇಡದ ಸಿಮೆಂಟಿನ ಧೂಳು ಕಿಟಕಿಗೆ ಬರುವ ಹೊತ್ತಿಗೆ ಶುರುವಾಗುತ್ತಿತ್ತು ವಾಂತಿ. ಮನೆ ಮುಟ್ಟಿದ ಮೇಲೂ ಎರಡು ದಿನ ಅದೇ. ಒಗ್ಗರಣೆಯ ವಾಸನೆ ಆಗದು, ಚಹಾ ಆಗದು, ನನ್ನ ಡ್ರೆಸ್ಸಿನ ಗ್ರೀಸಿನ ವಾಸನೆಯಂತೂ ಆಗಲೇ ಆಗದು. ನಾನು ಹಿತ್ತಲಲ್ಲಿ ಬಟ್ಟೆ ಬದಲಿಸಿ ಕಳ್ಳನಂತೆ ಒಳಗೆ ಬರುತ್ತಿದ್ದೆ. ಅವಳಿಗೆ ಇಳಿಯುತ್ತಿದ್ದದ್ದು ತಣ್ಣನೆಯ ಜೋಳದ ಅಂಬಲಿ, ಅದೂ ಚಮಚದಲ್ಲಿ.

ನಮ್ಮ ಚರ್ಚಿನ ಸಭೆ ಸಣ್ಣದು. ಹೆಚ್ಚಿನವರು ರೈಲ್ವೆಯವರೇ. ಹಳಿ ಬದಲಿಸುವ ಪಾಯಿಂಟ್ಸ್‌ಮನ್ನು, ಹಳಿ ರಿಪೇರಿಯ ಗ್ಯಾಂಗಿನವರು, ಒಬ್ಬ ಗಾರ್ಡು, ಅವರ ಹೆಂಡಿರು ಮಕ್ಕಳು. ಯಾರಾದರೂ ಹಾಸಿಗೆ ಹಿಡಿದರೆ ಅವರ ಮನೆಯಲ್ಲಿ ಪ್ರಾರ್ಥನೆ ಕೂಡುವುದು ನಮ್ಮ ರೂಢಿ. ಎಲ್ಲರೂ ಬರಬೇಕು, ಎಲ್ಲರೂ ರೋಗಿಯ ತಲೆಯ ಮೇಲೆ ಕೈಯಿಡಬೇಕು. ಬಾರದವರು ಬಂದವರಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತಾರೆ. ಎರಡನೆಯ ತಿಂಗಳ ಇಂಜೆಕ್ಷನ್ ಆದ ಮುಂದಿನ ವಾರ ನಮ್ಮ ಮನೆಯಲ್ಲಿ ಸಭೆ ಕೂಡಿತು. ಫರಸಿ ಕಲ್ಲು ಹಾಸಿದ ಅಷ್ಟು ಸಣ್ಣ ಪಡಸಾಲೆಯಲ್ಲಿ ಜನ ಬಾಗಿಲವರೆಗೆ ಕೂತರು. ಯಾರೋ ಕೆಮ್ಮುತ್ತಿದ್ದರು. ನಾನು ಅದನ್ನು ಕೇಳಿದೆ. ಪ್ರಾರ್ಥನೆಯ ನಡುವೆ ಕಣ್ಣು ತೆರೆದು ಯಾರೆಂದು ನೋಡಿದೆ ಕೂಡ. ಇವಳ ಮುಖ ಎಷ್ಟೋ ದಿನದ ಮೇಲೆ ಅರಳಿತ್ತು, ಹಾಗಾಗಿ ಸುಮ್ಮನಾದೆ.

ಮೂರು ದಿನ ಬಿಟ್ಟು, ಮಧ್ಯಾಹ್ನದ ಊಟಕ್ಕೆ ಬಂದವನು ಅಭ್ಯಾಸದಂತೆ ಅವಳ ಹಣೆಗೆ ಕೈಯ ಹಿಂಬದಿ ಮುಟ್ಟಿಸಿದೆ. ಕೈ ತಾನಾಗಿ ಹಿಂದೆ ಬಂತು.

ಜ್ವರ ಬಂದರೆ ಒಂದು ಗಂಟೆಯೂ ತಡಮಾಡಬೇಡಿ ಎಂದಿದ್ದರು. ಚಾಚಾ ಹೇಗೋ ಹೊರಟು ನಿಂತ ಗಾಡಿಯ ಗಾರ್ಡಿಗೆ ಹೇಳಿ ಮಲಗುವಷ್ಟು ಜಾಗ ಮಾಡಿಸಿದ. ಅಕ್ಕ ಹಣೆಗೆ ಒದ್ದೆ ಬಟ್ಟೆ ಬದಲಿಸುತ್ತ ಬಂದಳು. ನಾನು ಪ್ರತಿ ಸ್ಟೇಷನ್ನಿನಲ್ಲೂ ಸಿಗ್ನಲ್ ನೋಡುತ್ತ ಬಂದೆ, ನಾನು ನೋಡಿದರೆ ಅದು ಬೇಗ ಬಿದ್ದು ದಾರಿ ಬಿಡುತ್ತದೆ ಎಂಬಂತೆ. ಆಸ್ಪತ್ರೆಯಲ್ಲಿ ಬಿಳಿ ಕಣ ಇಲ್ಲವೇ ಇಲ್ಲ ಎಂಬಷ್ಟು ಕಡಿಮೆ ಎಂದರು. ಒಂದು ವಾರಕ್ಕೂ ಹೆಚ್ಚು ಸಲೈನಿನ ಬಾಟಲಿ ನೇತಾಡಿತು. ಜ್ವರ ಇಳಿಯಿತು. ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದು ಕೇಳಿದರು, "ಮನೆಗೆ ಎಷ್ಟು ಜನ ಬರ್ತಾರೆ?"

"ಪ್ರಾರ್ಥನೆಗೆ ಅಂತ ಬರ್ತಾರ್ರಿ ಸಾಹೇಬ್ರ. ಒಳ್ಳೆ ಮಂದಿ."

"ಒಳ್ಳೆ ಮಂದಿಗೂ ಕೆಮ್ಮು ಇರುತ್ತೆ," ಎಂದರು. ಆಮೇಲೆ ಅವರ ಊರಿನ ಮಾತಿಗೆ ಇಳಿದರು: "ಘರ್ ಮೇ ಮೇಲಾ ನಕ್ಕೋ. ಮನೆಯಲ್ಲಿ ಜಾತ್ರೆ ಬೇಡ. ಇನ್ನೊಂದು ಸಲ ಹೀಗಾದರೆ ನಾನು ಇಂಜೆಕ್ಷನ್ ನಿಲ್ಲಿಸಬೇಕಾಗುತ್ತೆ."

ಊರಿಗೆ ಬಂದು ಎಲ್ಲರಿಗೂ ಹೇಳಿದೆ. ಎಲ್ಲರೂ ತಲೆದೂಗಿದರು. ಡಾಕ್ಟರು ಹೇಳಿದ್ದು ಬರೋಬ್ಬರಿ ಅದ ಅಂದರು. ಮರುದಿನದಿಂದ ಒಬ್ಬೊಬ್ಬರಾಗಿ ಬರತೊಡಗಿದರು. ಮೇಲಾ ಬೇಡವೆಂದಿದ್ದಾರೆ, ಒಬ್ಬರು ಬಂದರೆ ಮೇಲಾ ಹೇಗಾಗುತ್ತದೆ? "ಎರಡ ಮಿನಿಟ್ರಿ, ಮಾರಿ ನೋಡಿ ಹೋಗ್ತೀನಿ." "ನಾ ಹೊರಗಿನಾಕಿ ಏನು?" ನಾನು ಬಾಗಿಲಲ್ಲಿ ಕೈ ಹಿಸುಕುತ್ತ ನಿಲ್ಲುತ್ತಿದ್ದೆ. ಬೇಡ ಎನ್ನಲು ನನಗೆ ಬಾಯಿಲ್ಲ. ಅಕ್ಕ ಬಂದವರ ಕೈಗೆಲ್ಲ ಸೋಪು ಕೊಡುತ್ತ, ಅವರು ಹೋದ ಮೇಲೆ ಸೋಪನ್ನೂ ತೊಳೆಯುತ್ತಿದ್ದಳು. ಇದನ್ನೆಲ್ಲ ನೋಡಿ ಚಾಚಾ ಯಾರ್ಡಿನಲ್ಲಿ ನಕ್ಕ: "ಸಾಬ್, ಎರಡು ಸಾವಿರ ಟನ್ನಿನ ಗಾಡಿ ನಿಲ್ಲಸ್ತೀರಿ. ಎರಡು ಹೆಣ್ಮಕ್ಕಳಿಗಿ ನಿಲ್ಲಸ್ಲಿಕ್ಕ ಆಗವಲ್ದು."

ಅಂದೇ ಡ್ಯೂಟಿ ಮುಗಿದ ಮೇಲೆ ಒಂದು ಹಳೆಯ ಕೆಂಪು ಬಾವುಟ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ. ನಮ್ಮ ಕ್ವಾರ್ಟರ್ಸಿನ ಸುತ್ತ ಶಹಾಬಾದ್ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಮಾಡಿದ ಬೇಲಿ, ಅದಕ್ಕೊಂದು ಸಣ್ಣ ಗೇಟು. ಆ ಗೇಟಿಗೆ ಬಾವುಟ ಕಟ್ಟಿದೆ. ದಣಿದಿದ್ದೆ, ದಣಿವಿಲ್ಲದಿದ್ದರೆ ಇಷ್ಟು ಧೈರ್ಯ ಬರುತ್ತಿರಲಿಲ್ಲ. ಹಿಂದೆಯೇ ಬಂದಿದ್ದ ಚಾಚಾ ಸ್ವಲ್ಪ ಹೊತ್ತು ನೋಡಿ, "ರೂಲ್ ಪ್ರಕಾರ ಎರಡೂ ಕಡಿ ಕಟ್ಟಬೇಕಲ್ಲೇನು ಸಾಬ್? ಹಿತ್ತಲ ಬಾಗಲ ಯಾರು ನೋಡ್ತಾರ?" ಎಂದು ತನ್ನ ಚೀಲದಿಂದ ಇನ್ನೊಂದನ್ನು ತೆಗೆದುಕೊಟ್ಟ.

ನನ್ನ ಮಾತಿಗೆ ನಿಲ್ಲದ ಜನ ಬಾವುಟಕ್ಕೆ ನಿಂತರು. ಅಂಬಲಿಯ ಗಡಿಗೆ ಹಿಡಿದು ಬಂದ ಗ್ಯಾಂಗಿನವನ ಹೆಂಡತಿ ಗೇಟಿನ ಮುಂದೆ ಗಕ್ಕನೆ ನಿಂತು, ಗಡಿಗೆಯನ್ನು ಕಲ್ಲಿನ ಮೇಲಿಟ್ಟು ಹಿಂದಿರುಗಿದಳು. ಅವಳ ಗಂಡ ಇಡೀ ಆಯುಷ್ಯ ಆ ಬಣ್ಣವನ್ನು ನಂಬಿ ಹಳಿಯ ಮೇಲೆ ಬಗ್ಗಿ ಕೆಲಸ ಮಾಡಿದವನು. ಅದನ್ನು ದಾಟುವುದೆಂದರೇನೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ಗೊತ್ತಿಲ್ಲದವರೆಂದರೆ ನಮ್ಮ ಸಭೆಯ ಪಾಲಕರೊಬ್ಬರೇ. ಅವರು ರೈಲ್ವೆಯವರಲ್ಲ, ಚಿಂಚೋಳಿ ಕಡೆಯವರು. ಭಾನುವಾರ ಆರಾಧನೆ ಮುಗಿಸಿ, ಬೈಬಲ್ಲು ಕಂಕುಳಲ್ಲಿಟ್ಟು ನೇರ ಬಂದು ಗೇಟು ತಳ್ಳಿದರು. ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದ ಪಾಯಿಂಟ್ಸ್‌ಮನ್ ಎದ್ದು ನಿಂತು ಕಿರುಚಿದ: "ಅಯ್ಯನವರ! ನಿಂದ್ರಿ! ಲಾಲ್ ಝಂಡಿ ಅದ!" ಆ ಕೂಗಿಗೆ ಇನ್ನೂ ನಾಲ್ಕು ಮನೆಯವರು ಹೊರಗೆ ಬಂದು ಅದನ್ನೇ ಕೂಗಿದರು. ಪಾಲಕರು ಒಂದು ಕಾಲು ಒಳಗೆ, ಒಂದು ಕಾಲು ಹೊರಗಿಟ್ಟು ಹಾಗೆಯೇ ನಿಂತುಬಿಟ್ಟರು. ನಾನು ಓಡಿ ಬಂದೆ.

"ಇದು ಮನಿ ಅದನೋ ಯಾರ್ಡ್ ಅದನೋ?" ಎಂದರು. ಮುಖ ಕೆಂಪಾಗಿತ್ತು. "ರೋಗಿಷ್ಠರನ್ನ ನೋಡ್ಲಿಕ್ಕ ಹೋಗಬ್ಯಾಡ ಅಂತ ಯಾವ ವಾಕ್ಯದಾಗ ಅದ, ತೋರಸ್ರಿ."

"ವಾಕ್ಯದಾಗ ಇಲ್ರಿ ಅಯ್ಯನವರ," ಎಂದೆ. "ರೂಲ್ಸಿನಾಗ ಅದ."

ಅವರು ಒಳಗಿಟ್ಟ ಕಾಲನ್ನು ಹಿಂತೆಗೆದುಕೊಂಡರು. ನೊಂದುಕೊಂಡೇ ಹೋದರು. ದೇವರ ಸೇವಕರನ್ನು ಗೇಟಿನಿಂದ ತಿರುಗಿಸಿದ ಪಾಪ ಯಾವ ಖಾತೆಗೆ ಹೋಗುತ್ತದೋ ಎಂದು ನಾನು ಯೋಚಿಸುತ್ತ ಒಳಗೆ ಬಂದರೆ, ಒಳಗೆ ಇನ್ನೊಂದು ಕಾದಿತ್ತು.

ಇವಳು ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು.

"ಬಿಚ್ರಿ ಅದನ್ನ."

"ಡಾಕ್ಟರ್ ಹೇಳ್ಯಾರಲ್ಲ..."

"ಡಾಕ್ಟರ್ ಮನಿಗಿ ಯಾರು ಬರಲ್ಲ ಕಾಣ್ತದ, ಅದಕ್ಕ ಹಂಗ ಹೇಳ್ತಾರ. ಮಂದಿ ಮಾರಿ ನೋಡಿದ್ರ ನನಗ ಜರಾ ಸಮಾಧಾನ ಆಗ್ತದ. ಅದನೂ ಬಂದ್ ಮಾಡಿದ್ರಿ. ನಿಮ್ಮ ಮಾರಿ ಒಂದ ನೋಡ್ಕೋತ ಎಷ್ಟ ದಿನ ಕೂಡ್ಲಿ? ಅದರಾಗೂ ಭಾಳ ಚಂದ ಅದೇನು, ಯಾವಾಗ ನೋಡಿದ್ರೂ ಗಾಡಿ ಬಿದ್ದಂಗ." ಅವಳು ಅಳಲಿಲ್ಲ. ಗೋಡೆ ಕಡೆ ತಿರುಗಿ ಮಲಗಿ ಹೇಳಿದಳು, "ಮುಂದಿನ ಸಲ ನಾ ಬರಂಗಿಲ್ಲ ಹೈದರಾಬಾದಕ್ಕ. ಸಾಕಾಗ್ಯದ ನನಗ."

ನಾನು ಹೊರಗೆ ಬಂದು ಗೇಟಿನ ಹತ್ತಿರ ನಿಂತೆ. ಕಟ್ಟಿದವನೇ ಬಿಚ್ಚಬೇಕು. ಬಿಚ್ಚಿದರೆ ಜನ ಬರುತ್ತಾರೆ, ಜ್ವರ ಬರುತ್ತದೆ, ಡಾಕ್ಟರು ನಿಲ್ಲಿಸುತ್ತಾರೆ. ಬಿಚ್ಚದಿದ್ದರೆ ಅವಳೇ ನಿಲ್ಲಿಸುತ್ತಾಳೆ. ಎರಡೂ ಕಡೆಯಿಂದ ‘ಪೂರಾ’ ಆಗುವುದಿಲ್ಲ. ಕೈ ಗಂಟಿನ ಮೇಲಿಟ್ಟು ಎಷ್ಟು ಹೊತ್ತು ನಿಂತಿದ್ದೆನೋ, ಪಾಯಿಂಟ್ಸ್‌ಮನ್ನಿನ ತಾಯಿ ಎದುರು ಮನೆಯಿಂದ ಕೋಲೂರುತ್ತ ಬಂದಳು. ಕಾಲೊನಿಯ ಹಿರಿಯಮ್ಮ ಅವಳು. ಚರ್ಚಿನಲ್ಲಿ ಹಾಡು ಎತ್ತುವವಳೂ ಅವಳೇ. ಸ್ವರ ಒಡೆದಿದ್ದರೂ ಬೇರೆಯವರು ಎತ್ತಲು ಬಿಡುತ್ತಿರಲಿಲ್ಲ.

"ಕಟ್ಟಿದ್ದು ಬಿಚ್ಚಬ್ಯಾಡ," ಎಂದಳು. "ಮಂದಿ ಒಳಗ ಹೋಗಬಾರ್ದು, ಖರೇ ಅದ. ದನಿ ಹೋಗಬಾರ್ದು ಅಂತ ಯಾವ ಡಾಕ್ಟರ್ ಹೇಳ್ಯಾನ?"

ಅಂದು ಸಂಜೆ ಸಭೆಯವರೆಲ್ಲ ನಮ್ಮ ಕಲ್ಲಿನ ಬೇಲಿಯ ಹೊರಗೆ ಸಾಲಾಗಿ ನಿಂತರು. ಪಾಲಕರೂ ಬಂದರು. ಬಾವುಟದಿಂದ ಒಂದು ಮಾರು ದೂರ, ಇನ್ನೂ ಅದನ್ನು ನಂಬದವರಂತೆ, ನಿಂತರು. ಹಿರಿಯಮ್ಮ ಗಂಟಲು ಸರಿಮಾಡಿಕೊಂಡು ಇವಳಿಗೆ ಪ್ರೀತಿಯ ಹಾಡನ್ನು ಎತ್ತಿದಳು. ಇವಳ ತಾಯಿ ಅದನ್ನು ಹಾಡಿ ಮಕ್ಕಳನ್ನು ಮಲಗಿಸುತ್ತಿದ್ದಳಂತೆ. ನಮ್ಮ ಮದುವೆಯಲ್ಲೂ ಅದನ್ನೇ ಹಾಡಿದ್ದರು. ಗೋಡೆ ಕಡೆ ತಿರುಗಿದ್ದವಳು ಎರಡನೆಯ ಚರಣಕ್ಕೆ ಈಚೆ ತಿರುಗಿದಳು. ಮೂರನೆಯದಕ್ಕೆ ಕಿಟಕಿಯ ಸರಳು ಹಿಡಿದು ಎದ್ದು ನಿಂತಳು. ಹೊರಗಿದ್ದವರು ಕೈ ಬೀಸಿದರು.

ಹಾಡು ಮುಗಿದ ಮೇಲೆ ಇವಳು ನನ್ನ ಕಡೆ ನೋಡದೆ ಅಂದಳು, "ಚೀಲದಾಗ ಒಂದ ಸೀರಿ ಕಮ್ಮಿ ಇಡ್ರಿ ಈ ಸಲ. ಹೋದ ಸಲ ಸುಮ್ನ ಹೊತ್ತದ್ದಾಯ್ತು."

ಅದೇ ರೂಢಿಯಾಯಿತು. ನಾವು ಹೈದರಾಬಾದಿನಿಂದ ಮರಳಿದ ಸಂಜೆ ಸಭೆ ಬೇಲಿಯ ಹೊರಗೆ ಕಾದಿರುತ್ತಿತ್ತು. ಪ್ರತಿ ಸಲವೂ ಅದೇ ಹಾಡು, ಬೇರೆ ಹಾಡಿದರೆ ಫಲ ಕಡಿಮೆ ಎಂಬಂತೆ. ಒಳಗೆ ಇವಳಿಗೆ ಅಕ್ಕ ಬಕೆಟ್ ಹಿಡಿದಿರುತ್ತಿದ್ದಳು. ವಾಂತಿಯ ಸದ್ದು ಕೇಳಿದರೆ ಹೊರಗಿನವರು ಚರಣ ಮುಗಿಸಿ ನಿಲ್ಲುತ್ತಿದ್ದರು. ಅದು ತಗ್ಗಿದ ಮೇಲೆ ನಾನು ಕಿಟಕಿಯಲ್ಲಿ ಕೈ ಬೀಸಬೇಕು, ಆಗ ಮುಂದಿನ ಚರಣ. ಗಾರ್ಡು ಹಸಿರು ಬಾವುಟ ತೋರಿದಂತೆ ನಾನು ಗಂಭೀರವಾಗಿ ಕೈ ಬೀಸುತ್ತಿದ್ದೆ. ಒಂದೊಂದು ಸಂಜೆ ನಾಲ್ಕು ಚರಣ ಮುಗಿಯುವಷ್ಟರಲ್ಲಿ ಕತ್ತಲಾಗುತ್ತಿತ್ತು. ಯಾರೂ ಹೋಗುತ್ತಿರಲಿಲ್ಲ. ಬಿಳಿ ಕಣ ಕಡಿಮೆಯಾಗಿ ಒಂದೆರಡು ಸಲ ಬರಿಗೈಲಿ ಮರಳಿದ್ದುಂಟು. ಆಗಲೂ ಬಂದು ಹಾಡಿದರು. ಕೂದಲು ತೆಳುವಾಯಿತು. ನರಗಳು ಕಪ್ಪಾಗಿ ಗಟ್ಟಿಯಾದವು, ನರ್ಸಮ್ಮ ಟವೆಲ್ ಸುತ್ತಿ ಸುತ್ತಿ ಬೇಸತ್ತಳು. ಜ್ವರ ಮತ್ತೆ ಬರಲಿಲ್ಲ. ನಾನು ಡ್ಯೂಟಿಯಿಂದ ಬಂದು ಅವಳ ಹಣೆ ಮುಟ್ಟುವುದು, ಅವಳು "ಗಾಡಿ ಬಿಡ್ರಿ, ಸರಿ ಅದ" ಎನ್ನುವುದು ನಿತ್ಯದ ಮಾತಾಯಿತು.

ಕೊನೆಕೊನೆಗೆ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿದ್ದಿತ್ತು. ಹೊರಗೆ ಹಿರಿಯಮ್ಮ ಗಂಟಲು ಸರಿಮಾಡಿಕೊಂಡ ಕೂಡಲೇ ಒಳಗೆ ಇವಳ ಕೈ ಬಕೆಟ್ಟಿನ ಕಡೆ ಹೋಗುತ್ತಿತ್ತು. ರೈಲಿನ ಕುಲುಕಾಟ ಎಂದುಕೊಂಡೆ. ಜಗತ್ತಿನ ಎಲ್ಲದಕ್ಕೂ ಹೆದರುವವನು ಇದೊಂದಕ್ಕೆ ಹೆದರಲಿಲ್ಲ.

ಪೂರಾ ಆಯಿತು. ಡಾಕ್ಟರು ಇನ್ನು ಆರು ತಿಂಗಳಿಗೊಮ್ಮೆ ತೋರಿಸಿದರೆ ಸಾಕು ಎಂದರು. ರಕ್ತ ಸರಿಯಾಗುವವರೆಗೆ ಇನ್ನೂ ಕೆಲವು ವಾರ ಕಾದು, ಒಂದು ಬೆಳಿಗ್ಗೆ ನಾನು ಗೇಟಿನ ಬಾವುಟ ಬಿಚ್ಚಿದೆ. ಬಿಸಿಲಿಗೆ ಅದು ಕೆಂಪು ಹೋಗಿ ಈರುಳ್ಳಿ ಸಿಪ್ಪೆಯ ಬಣ್ಣವಾಗಿತ್ತು. ಹಿತ್ತಲದ್ದನ್ನೂ ಬಿಚ್ಚಿ ಚಾಚಾನಿಗೆ ಮರಳಿಸಿದೆ. ತೊಳೆಯದೆ ಕೊಟ್ಟೆನೆಂದು ಅವನು ಬೈದ.

ಆ ಭಾನುವಾರ ಕೃತಜ್ಞತೆಯ ಆರಾಧನೆ. ಮಕ್ಕಳು ಶಹಾಬಾದಿನಿಂದ ಬಂದಿದ್ದರು. ಇವಳು ಅಕ್ಕ ಕೊಟ್ಟ ಹೊಸ ಸೀರೆಯುಟ್ಟು, ಬೆಳೆಯುತ್ತಿದ್ದ ಗಿಡ್ಡ ಕೂದಲಿನ ಮೇಲೆ ಸೆರಗು ಹೊದ್ದು, ಹೆಂಗಸರ ಕಡೆ ಮೊದಲ ಸಾಲಿನಲ್ಲಿ ಕೂತಳು. ಎಲ್ಲರೂ ಬಂದು ಅವಳ ಕೈ ಹಿಡಿದರು, ಗಲ್ಲ ಹಿಡಿದರು. ನಾನು ಯಾರ ಕೆಮ್ಮನ್ನೂ ಲೆಕ್ಕಿಸಲಿಲ್ಲ, ಅಥವಾ ಹಾಗೆ ಪ್ರಯತ್ನ ಮಾಡಿದೆ. ಪಾಲಕರು ನಗುತ್ತ, "ಈ ಹಾಡು ಇಷ್ಟ ದಿನ ಬೇಲಿ ಹೊರಗ ನಿಂತು ಹಾಡೇವಿ. ಇವತ್ತ ಒಳಗ, ಆಕಿ ಸಂಗಟ ಹಾಡೋಣು" ಎಂದರು. ಸಭೆ ಎದ್ದು ನಿಂತಿತು. ಹಿರಿಯಮ್ಮ ಗಂಟಲು ಸರಿಮಾಡಿಕೊಂಡು ಎತ್ತಿದಳು.

ಮೊದಲ ಸಾಲು ಮುಗಿಯುವ ಮುಂಚೆ ಇವಳು ಸೆರಗು ಬಾಯಿಗೊತ್ತಿ ಹೊರಗೆ ಓಡಿದಳು. ಬಾಗಿಲಾಚೆಯ ಬೇವಿನ ಬುಡದಲ್ಲಿ ವಾಂತಿ ಮಾಡುವ ಸದ್ದು ಎಲ್ಲರಿಗೂ ಕೇಳಿಸಿತು. ಎಷ್ಟೋ ಸಂಜೆ ಕೇಳಿದ ಸದ್ದು ಅದು. ಸಭೆ ಚರಣ ಮುಗಿಸಿ ನಿಂತಿತು. ನಿಂತು, ಹಿರಿಯಮ್ಮನಿಂದ ಪಾಲಕರವರೆಗೆ ಎಲ್ಲರೂ ನನ್ನ ಕಡೆ ತಿರುಗಿದರು, ಕೈ ಬೀಸುತ್ತೇನೆಂದು ಕಾಯುತ್ತ.

ನಾನು ಬೀಸಲಿಲ್ಲ. ಹೊರಗೆ ಹೋದೆ. ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.

"ಏನೂ ಆಗಿಲ್ರಿ ನನಗ," ಎಂದಳು, ಬಾಯಿ ಒರಸಿಕೊಂಡು. ಕಣ್ಣಲ್ಲಿ ನೀರು ಬಂದಿತ್ತು, ವಾಂತಿಯದೋ ಬೇರೆಯದೋ. "ಹಾಡ ಕೇಳಿದ್ರ ಬಾಯಾಗ ಆ ಮದ್ದಿನ ರುಚಿ ಬಂತು. ಅವ್ವನ ಹಾಡ ಹೋಯ್ತಲ್ರಿ."

ವರ್ಷಗಳು ಕಳೆದಿವೆ. ಅವಳು ಚೆನ್ನಾಗಿದ್ದಾಳೆ, ನನ್ನನ್ನು ಬೈಯುವಷ್ಟು ಚೆನ್ನಾಗಿದ್ದಾಳೆ. ಸಮಯ ಹೋದಂತೆ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಒಗ್ಗರಣೆ ಸರಿಹೋಯಿತು, ಚಹಾ ಸರಿಹೋಯಿತು, ನನ್ನ ಗ್ರೀಸಿನ ವಾಸನೆಯೂ ಸರಿಹೋಯಿತು. ಆ ಹಾಡು ಮಾತ್ರ ಸರಿಹೋಗಲಿಲ್ಲ. ನಮ್ಮ ಸಭೆ ಅದನ್ನು ಹಾಡುವುದನ್ನು ಬಿಟ್ಟಿದೆ. ಆಚೆ ವರ್ಷ ಬಂದ ಹೊಸ ಪಾಲಕರು ತಿಳಿಯದೆ ಅದನ್ನು ಹಾಡೋಣವೆಂದಾಗ, ಯಾರೂ ಯಾರಿಗೂ ಏನೂ ಹೇಳದೆ ಇಡೀ ಸಭೆ ಪುಸ್ತಕದ ಮುಂದಿನ ಪುಟ ತೆರೆದು ಬೇರೊಂದನ್ನು ಹಾಡಿತು.

ಅದರ ಮೊದಲ ಸಾಲನ್ನು ಇಲ್ಲಿ ಬರೆಯಬೇಕೆಂದಿದ್ದೆ. ಆದರೆ ನಾನು ಬರೆದದ್ದನ್ನು ಮೊದಲು ಓದುವವಳು ಅವಳೇ. ಬಿಟ್ಟಿದ್ದೇನೆ.